ಕೊಪ್ಪಳ ಸೀಮೆಯ ಜನವೂ ನೆಲವೂ



ಒಂದು ನಾಡಿನಲ್ಲಿ ಜನರೆಷ್ಟು ಎಂಬ ಪ್ರಶ್ನೆ ಬಹು ಸುಲಭವಾದುದೆಂದು ತೋರುತ್ತದೆ. ಮನೆಮನೆಗೂ ಹೋಗಿ ತಲೆಯೆಣಿಸಿದರೆ ಮುಗಿಯಿತಷ್ಟೆ. ಆದರೆ ಆ ಜನರು ಅಲ್ಲಿಯೇ ಏಕೆ ನೆಲೆಸಿದರು, ಅಲ್ಲಿಂದ ಏಕೆ ಹೊರಡುತ್ತಾರೆ ಎಂದು ವಿಚಾರಿಸಹೊರಟರೆ ಪ್ರಶ್ನೆಯ ಆಳ ತಿಳಿದುಬರುತ್ತದೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕು ತಾಲ್ಲೂಕುಗಳ ನಿದರ್ಶನದಿಂದ ಇದನ್ನು ವಿವರಿಸಲು ಯತ್ನಿಸುತ್ತೇನೆ.

1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ಕೊಪ್ಪಳ ಜಿಲ್ಲೆಯಾದುದು ಈ ನಾಲ್ಕು ತಾಲ್ಲೂಕುಗಳು ಸೇರಿ. 2001ರ ಖಾನೇಷುಮಾರಿಯಲ್ಲಿ ಸುಮಾರು 12 ಲಕ್ಷವಿದ್ದ ಇಲ್ಲಿಯ ಜನಸಂಖ್ಯೆ 2011ರಲ್ಲಿ ಸುಮಾರು 13.9 ಲಕ್ಷಕ್ಕೆ ಏರಿತು. ಯಾವ ನಾಡಿನ ಜನಸಂಖ್ಯೆಗೂ ಬಾಗಿಲುಗಳು ನಾಲ್ಕು: ಜನನ, ಮರಣ, ಒಳವಲಸೆ, ಹೊರವಲಸೆ. ಮೊದಲಿನೆರಡು ಎಲ್ಲ ಕಡೆಗೂ ಸಮಾನ. ಈ ಸೀಮೆಯ ವಿಶೇಷವಿರುವುದು ಕೊನೆಯ ಎರಡರಲ್ಲಿ.

ಚದರ ಕಿಲೋಮೀಟರಿಗೆ ಎಷ್ಟು ಜನ ಎಂಬುದನ್ನು ಜನಸಾಂದ್ರತೆ ಎನ್ನುತ್ತೇವೆ. 2011ರಲ್ಲಿ ಕರ್ನಾಟಕಕ್ಕೆಲ್ಲ ಅದು 319 ಆಗಿದ್ದರೆ ಕೊಪ್ಪಳ ಜಿಲ್ಲೆಗೆ ಸುಮಾರು 250 ಮಾತ್ರ. ಹಾಗಾದರೆ ಇಲ್ಲಿ ನೆಲ ಧಾರಾಳವಾಗಿದೆಯೆಂದು ತಿಳಿಯಬಹುದೆ? ಕೂಡದು. ಎರಡು ಬೆಳೆ ಭತ್ತ ಕೊಡುವ ಗದ್ದೆಗೂ ಮಳೆಯ ಮೋರೆ ನೋಡುವ ಹೊಲಕ್ಕೂ ಸಾಕುವ ಶಕ್ತಿ ಒಂದೇ ಅಲ್ಲ. ನೆಲದ ಅಳತೆಯೊಡನೆ ನೀರಿನ ಅಳತೆಯನ್ನೂ ಹಿಡಿಯದ ಲೆಕ್ಕ ಅರ್ಧ ಲೆಕ್ಕ.

ಗಂಗಾವತಿಯನ್ನು ನೋಡಿರಿ. 1945ರಲ್ಲಿ ಆರಂಭವಾದ ತುಂಗಭದ್ರಾ ಅಣೆಕಟ್ಟಿನಿಂದ 1953ರಲ್ಲಿ ಕಾಲುವೆಗೆ ನೀರು ಹರಿಯಿತು. ಅದರ ಹಿನ್ನೀರು ಅನೇಕ ಹಳ್ಳಿಗಳನ್ನು ಮುಳುಗಿಸಿ ಅಲ್ಲಿಯವರ ನೆಲೆ ತಪ್ಪಿಸಿತು. ಎಡದಂಡೆಯ ಕಾಲುವೆಯೋ ಹೊಸಬರನ್ನು ಕರೆತಂದಿತು. ಕೃಷ್ಣಾ ಗೋದಾವರಿಗಳ ಮುಖಜ ಭೂಮಿಯ ತೆಲುಗು ರೈತರು ಬಂದು ಭೂಮಿ ಕೊಂಡು, ಭತ್ತದ ಗದ್ದೆ ಮಾಡಿ, ಊರು ಕಟ್ಟಿದರು. ಆ ಊರುಗಳಿಗೆ ಇಂದಿಗೂ ಕ್ಯಾಂಪ್ ಎಂದೇ ಹೆಸರು. ಇದು ಸೆಳೆಯುವ ಬಲ.

ಕುಷ್ಟಗಿ, ಯಲಬುರ್ಗಾಗಳ ಎರೆ ಮಸಾರಿ ಹೊಲಗಳಲ್ಲಿ ಕಾಣುವುದು ತಳ್ಳುವ ಬಲ. ಜೋಳ, ಸಜ್ಜೆ, ಕಡಲೆಗಳ ಆ ಸೀಮೆಯಲ್ಲಿ ಮಳೆ ಕೈಕೊಟ್ಟ ವರ್ಷ ಮನೆಗೆ ಬೀಗ ಬೀಳುತ್ತದೆ. ಮುದುಕರನ್ನು ಊರಲ್ಲಿ ಬಿಟ್ಟು, ಮಕ್ಕಳನ್ನು ಕಟ್ಟಿಕೊಂಡು, ಸಂಸಾರಗಳು ಬೆಂಗಳೂರು, ಮಂಗಳೂರು, ಗೋವೆಗಳ ಕಟ್ಟಡದ ಕೆಲಸಕ್ಕೆ ಹೊರಡುತ್ತವೆ. ಇದಕ್ಕೆ ನಮ್ಮ ಜನ ಇಟ್ಟ ಹೆಸರು ಗುಳೆ. ಇದು ಊರು ಬಿಡುವ ವಲಸೆಯಲ್ಲ. ಮುಂಗಾರಿನ ಹೊತ್ತಿಗೆ ಮರಳಿ ಬರುವ ವಲಸೆ.

ಇಲ್ಲಿಯೇ ಒಂದು ತೊಡಕು ಉಂಟು. 2011ರ ಗಣತಿ ನಡೆದುದು ಫೆಬ್ರವರಿ 9ರಿಂದ 28ರವರೆಗೆ. ಆ ದಿನಗಳಷ್ಟೂ ಊರಲ್ಲಿಲ್ಲದವರನ್ನು ಸಿಕ್ಕಿದ ಕಡೆಯಲ್ಲಿ ಎಣಿಸುವುದು ನಿಯಮ. ಅದು ಗುಳೆಯ ಕಾಲವೂ ಹೌದು. ಹೀಗೆ ದೂರದ ತಗಡಿನ ಜೋಪಡಿಯಲ್ಲಿ ಎಣಿಕೆಗೆ ಬಂದವನು, ಅಥವಾ ಅಲ್ಲಿಯೂ ಬಿಟ್ಟುಹೋದವನು, ತನ್ನ ಹಳ್ಳಿಯ ಲೆಕ್ಕದಲ್ಲಿ ಇಲ್ಲದವನಾಗುತ್ತಾನೆ. ಮಳೆ ಬಿದ್ದು ಅವನು ಮರಳಿದಾಗ ಅವನ ಮಗುವಿಗೆ ಶಾಲೆಯೂ ಮನೆಗೆ ಕುಡಿಯುವ ನೀರೂ ಬೇಕೇ ಬೇಕು. ಅವನ್ನು ಒದಗಿಸಬೇಕಾದವರ ಕೈಯಲ್ಲಿರುವುದು ಅವನಿಲ್ಲದ ದಿನದ ಅಂಕಿ.

ಆದುದರಿಂದ ಅಂಕಿಗಳನ್ನು ಅಲ್ಲಗಳೆಯುವುದು ಬೇಡ. ಅವು ಯಾವ ನೆಲದವು, ಯಾವ ತಿಂಗಳಿನವು ಎಂದು ಕೇಳಿ ಓದುವುದನ್ನು ಕಲಿಯೋಣ. ಬೀಗ ಬಿದ್ದ ಮನೆಯೂ ಒಂದು ಮನೆಯೇ ಎಂಬುದನ್ನು ಮರೆಯದಿರೋಣ.