ಮದರ್‌ಬೋರ್ಡ್ ಬದಲಾದಾಗ ಪರವಾನಗಿ ಉಳಿಯುವುದು ಹೇಗೆ?



ಮನೆಯ ಹೆಂಚು ಬದಲಿಸಿದರೆ ಅದು ಹೊಸ ಮನೆಯಾಗುವುದಿಲ್ಲ. ಆದರೆ ಅಡಿಪಾಯವನ್ನೇ ಕಿತ್ತು ಬೇರೆ ಹಾಕಿದರೆ? ನಿಮ್ಮ ಕಂಪ್ಯೂಟರಿನ ವಿಷಯದಲ್ಲಿಯೂ ಇಂಥದೇ ಪ್ರಶ್ನೆ ಏಳುತ್ತದೆ. ರ್‍ಯಾಮ್ ಹೆಚ್ಚಿಸಿದರೆ ಸಾಮಾನ್ಯವಾಗಿ ತೊಂದರೆಯಿಲ್ಲ. ಮದರ್‌ಬೋರ್ಡ್ ಬದಲಿಸಿದಾಗ ಮಾತ್ರ ವಿಂಡೋಸ್ ತನ್ನ ಪರವಾನಗಿ ಕೇಳಲು ಪ್ರಾರಂಭಿಸಬಹುದು.

ಇದಕ್ಕೆ ಕಾರಣವೇನು? 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಿಂದ ಮೊದಲ್ಗೊಂಡು, ಯಂತ್ರದ ಬಿಡಿಭಾಗಗಳ ವಿವರಗಳಿಂದ ಒಂದು ಗುರುತನ್ನು ತಯಾರಿಸಿ, ಪರವಾನಗಿಯನ್ನು ಅದಕ್ಕೆ ಜೋಡಿಸುವ ಪದ್ಧತಿ ಮನೆಬಳಕೆಯ ಕಂಪ್ಯೂಟರುಗಳಿಗೂ ಬಂದಿತು. ಈ ಗುರುತಿನಲ್ಲಿ ಮದರ್‌ಬೋರ್ಡಿಗೆ ಹೆಚ್ಚಿನ ಮಹತ್ವ. ಅದು ಬದಲಾದರೆ, ಮೈಕ್ರೋಸಾಫ್ಟ್‌ನ ಸರ್ವರಿಗೆ ನಿಮ್ಮದು ಅಪರಿಚಿತ ಯಂತ್ರವಾಗಿ ಕಾಣುತ್ತದೆ.

ಇಲ್ಲಿ ಎರಡು ಬಗೆಯ ಪರವಾನಗಿಗಳನ್ನು ತಿಳಿದಿರಬೇಕು. ಕಂಪ್ಯೂಟರಿನೊಡನೆಯೇ ಬರುವುದು ಒಇಎಂ ಪರವಾನಗಿ. ಅದು ನಿಮ್ಮ ಬಸ್ ಪಾಸಿನಂತೆ, ಇನ್ನೊಬ್ಬರಿಗೆ ನಡೆಯದು. ಅದು ಆ ಯಂತ್ರಕ್ಕೇ ಸೀಮಿತ. ಕೆಟ್ಟುಹೋದ ಮದರ್‌ಬೋರ್ಡಿನ ಬದಲಿಗೆ ತಯಾರಕರೇ ಬೇರೆ ಹಾಕಿಕೊಟ್ಟರೆ ಹಳೆಯ ಹಕ್ಕು ಉಳಿಯುತ್ತದೆ. ಪ್ರತ್ಯೇಕವಾಗಿ ಕೊಂಡದ್ದು ರೀಟೇಲ್ ಪರವಾನಗಿ. ಅದನ್ನು ಬೇರೆ ಯಂತ್ರಕ್ಕೆ ಒಯ್ಯಬಹುದು, ಆದರೆ ಒಂದು ಸಲಕ್ಕೆ ಒಂದೇ ಯಂತ್ರದಲ್ಲಿ ಬಳಸಬೇಕು.

ಹಾಗಾದರೆ ಮಾಡಬೇಕಾದುದೇನು? ದುರಸ್ತಿಗೆ ಕೊಡುವ ಮೊದಲೇ ಸೆಟ್ಟಿಂಗ್ಸ್‌ನ ಆಕ್ಟಿವೇಷನ್ ಪುಟವನ್ನು ನೋಡಿ. ನಿಮ್ಮ ಡಿಜಿಟಲ್ ಲೈಸೆನ್ಸ್ ಮೈಕ್ರೋಸಾಫ್ಟ್ ಖಾತೆಗೆ ಜೋಡಣೆಯಾಗಿರಬೇಕು. 2016ರಿಂದ ಈ ಅನುಕೂಲವಿದೆ. ರೀಟೇಲ್ ಆಗಿದ್ದರೆ 25 ಅಕ್ಷರಗಳ ಪ್ರಾಡಕ್ಟ್ ಕೀಯನ್ನೂ ರಸೀದಿಯನ್ನೂ ಜೋಪಾನವಾಗಿಡಿ.

ಇನ್ನೊಂದು ಮಾತು ಪರವಾನಗಿಗಿಂತ ಮುಖ್ಯವಾದುದು. ನಿಮ್ಮ ಡಿಸ್ಕಿಗೆ ಬಿಟ್‌ಲಾಕರ್ ಬೀಗ ಹಾಕಿದ್ದರೆ, ಮದರ್‌ಬೋರ್ಡ್ ಬದಲಾದೊಡನೆ ಅದು 48 ಅಂಕಿಗಳ ರಿಕವರಿ ಕೀ ಕೇಳಬಹುದು. ಅದು ಸಿಗದಿದ್ದರೆ ವರ್ಷವಿಡೀ ಬರೆದ ಪ್ರಾಜೆಕ್ಟ್ ಕೈತಪ್ಪಿತೆಂದೇ ತಿಳಿಯಿರಿ. ಪರವಾನಗಿಯನ್ನು ಮತ್ತೆ ಕೊಳ್ಳಬಹುದು, ಕಳೆದುಹೋದ ಬರಹವನ್ನು ಕೊಳ್ಳಲಾಗದು. ಆದ್ದರಿಂದ ಆ ಅಂಕಿಗಳನ್ನು ಕಾಗದದ ಮೇಲೆ ಬರೆದಿಡಿ, ಕಡತಗಳ ಪ್ರತಿಯನ್ನು ಬೇರೆಡೆ ಇಡಿ.

ಹೊಸ ಮದರ್‌ಬೋರ್ಡ್ ಕೂಡಿಸಿದ ಮೇಲೆ ಹಳೆಯ ಆವೃತ್ತಿಯನ್ನೇ ಬಳಸಿ. ಹೋಮ್ ಇದ್ದುದು ಪ್ರೊ ಆದರೆ ಹಳೆಯ ಲೈಸೆನ್ಸ್ ಹೊಂದುವುದಿಲ್ಲ. ಅದೇ ಖಾತೆಯಿಂದ ಒಳಹೋಗಿ, ಆಕ್ಟಿವೇಷನ್ ಪುಟದ ಟ್ರಬಲ್‌ಶೂಟ್ ಒತ್ತಿ. ಇತ್ತೀಚೆಗೆ ಹಾರ್ಡ್‌ವೇರ್ ಬದಲಿಸಿದ್ದೇನೆ ಎಂಬುದನ್ನು ಆರಿಸಿ, ಪಟ್ಟಿಯಲ್ಲಿ ನಿಮ್ಮ ಯಂತ್ರವನ್ನು ಗುರುತಿಸಿ. ಇದು ಕೈಗೂಡದಿದ್ದರೆ ಮೈಕ್ರೋಸಾಫ್ಟ್ ಸಹಾಯ ಕೇಂದ್ರವನ್ನು ಸಂಪರ್ಕಿಸಿ. ಒಇಎಂ ಪರವಾನಗಿಯಿದ್ದು, ನಿಮ್ಮ ಇಷ್ಟದಿಂದಲೇ ಮದರ್‌ಬೋರ್ಡ್ ಬದಲಿಸಿದ್ದರೆ, ಹೊಸದನ್ನೇ ಕೊಳ್ಳಬೇಕಾದೀತು. ಆಗಲೂ ನಿಮ್ಮ ಕಡತಗಳು ಅಳಿಸಿಹೋಗುವುದಿಲ್ಲ. ಪರದೆಯ ಅಲಂಕಾರ ಬದಲಿಸುವಂಥ ಕೆಲವು ಸೌಲಭ್ಯಗಳು ಮಾತ್ರ ನಿಲ್ಲುತ್ತವೆ. ಆದುದರಿಂದ ಗಾಬರಿಯಾಗಿ ‘ಕ್ರ್ಯಾಕ್’ ತಂತ್ರಾಂಶಗಳ ಮೊರೆ ಹೋಗಬೇಡಿ. ಅವುಗಳೊಡನೆ ವೈರಸ್ಸೂ ಬರಬಹುದು.

ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹೊಸ ಮದರ್‌ಬೋರ್ಡ್ ಕೊಳ್ಳುವಾಗ ಅದು ವಿಂಡೋಸ್ 11ಕ್ಕೆ ಬೇಕಾದ ಟಿಪಿಎಂ 2.0 ಹೊಂದಿದೆಯೇ ಎಂದು ಕೇಳಿ ತಿಳಿಯಿರಿ. ಪರವಾನಗಿಯ ಗೋಜೇ ಬೇಡವೆನ್ನುವವರಿಗೆ ಲಿನಕ್ಸ್ ಇದ್ದೇ ಇದೆ. ಉಬುಂಟುವಿನಂಥ ಲಿನಕ್ಸ್ ನಿಮ್ಮ ಯಂತ್ರದ ಗುರುತು ಕೇಳುವುದಿಲ್ಲ.

ಈ ಸಂಜೆಯೇ ಒಮ್ಮೆ ಆಕ್ಟಿವೇಷನ್ ಪುಟವನ್ನು ತೆರೆದು ನೋಡುವಿರಲ್ಲವೇ?