ಖಾಡಿ ದಾಟುವ ಮಾತು



ಡೊಂಬಿವಲಿ, ಕಲ್ಯಾಣಗಳಿಂದ ಬೆಳಗ್ಗೆ ಮುಂಬಯಿಗೆ ಹೊರಡುವ ನಾವು ಕಳವಾ ಬಿಟ್ಟು ಠಾಣೆ ಸೇರುವಾಗ ಒಂದು ಖಾಡಿಯನ್ನು ದಾಟುತ್ತೇವೆ. ಗಾಡಿಯ ನೂಕುನುಗ್ಗಲಿನಲ್ಲಿ ಕೆಳಗಿನ ನೀರು ಕಾಣುವುದು ಬಾಗಿಲಲ್ಲಿ ನಿಂತವರಿಗೆ ಮಾತ್ರ! ಅಲ್ಲಿಗೆ ಮುಖ್ಯಭೂಮಿ ಮುಗಿದು ಸಾಷ್ಟಿ ದ್ವೀಪ ಮೊದಲಾಗುತ್ತದೆ. 1853ರಲ್ಲಿ ಬೋರಿಬಂದರಿನಿಂದ ಠಾಣೆಯವರೆಗೆ ಬಂದ ರೈಲು, ಮರುವರ್ಷ ಸೇತುವೆಯ ಮೇಲೆ ಖಾಡಿ ದಾಟಿ ಕಲ್ಯಾಣ ಮುಟ್ಟಿತು. ನಾವು ದ್ವೀಪದಲ್ಲಿ ದುಡಿದು ಮುಖ್ಯಭೂಮಿಯಲ್ಲಿ ಮಲಗುವುದು ಆ ಸೇತುವೆಯ ಕೃಪೆಯಿಂದ.

ವಾಶಿಗೆ 1973ರಲ್ಲಿ ರಸ್ತೆಯ ಸೇತುವೆ ಆಯಿತು. ರೈಲು ಬಂದುದು 1992ರಲ್ಲಿ. ನಡುವಣ 19 ವರ್ಷಗಳ ಪಾಡು ಬಸ್ಸಿಗೆ ಕಾದವರಿಗೆ ಗೊತ್ತು. 2024ರ ಜನವರಿಯಲ್ಲಿ ತೆರೆದ ಅಟಲ್ ಸೇತು 21.8 ಕಿ.ಮೀ. ಉದ್ದ, ಸುಮಾರು 16.5 ಕಿ.ಮೀ. ಸಮುದ್ರದ ಮೇಲೆಯೇ. ನೋಡಲು ಭವ್ಯ, ನಿಜ. ಆದರೆ ಅಲ್ಲಿ ಸ್ಕೂಟರಿಗೆ, ರಿಕ್ಷಾಕ್ಕೆ ಪ್ರವೇಶವಿಲ್ಲ, ಹಳಿಯೂ ಇಲ್ಲ. ಕೆಲವು ಬಸ್ಸುಗಳನ್ನು ಬಿಟ್ಟರೆ, ಅದು ಸುಂಕ ತೆತ್ತು ಸಾಗುವ ಕಾರುಗಳ ದಾರಿ. ಇನ್ನು ಅಹಮದಾಬಾದಿನ ವೇಗದ ರೈಲಿಗೆಂದು ಠಾಣೆ ಖಾಡಿಯ ತಳದಲ್ಲಿ ಸುಮಾರು 7 ಕಿ.ಮೀ. ಸುರಂಗದ ಯೋಜನೆ. ಮೇಲೆ ರಾಜಹಂಸಗಳ ಅಭಯಾರಣ್ಯವಿದೆ. ಅವಕ್ಕೆ ತೊಂದರೆಯಾಗಬಾರದೆಂದು ಈ ಏರ್ಪಾಡು. ಒಳ್ಳೆಯದೇ. ಅದರ ಟಿಕೇಟು ಗುಮಾಸ್ತನ ಕಿಸೆಗೆ ಎಟುಕೀತೇ, ನೋಡಬೇಕು.

ನಮ್ಮ ನಾಡಿನಲ್ಲೂ ದ್ವೀಪವಾಸಿಗಳಿದ್ದರು, ಹುಟ್ಟಿನಿಂದಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆಯಿತಷ್ಟೆ. ಶರಾವತಿಯ ಹಿನ್ನೀರು ಸುತ್ತುವರಿದು, ಸಾಗರ ತಾಲ್ಲೂಕಿನ ತುಮರಿಯ ಕಡೆಯವರು ದ್ವೀಪದವರಾದರು. ನಾಡಿನ ದೀಪಕ್ಕಾಗಿ ಗದ್ದೆ, ತೋಟ ಬಿಟ್ಟುಕೊಟ್ಟವರು ತಮ್ಮ ತಾಲ್ಲೂಕು ಕಚೇರಿಗೆ ಹೋಗಲು ಲಾಂಚಿಗೆ ಕಾದು ಕೂತರು. ಸಂಜೆಯ ಕೊನೆಯ ಲಾಂಚು ಹೋಯಿತೆಂದರೆ ಬಸುರಿ ಹೆಂಗಸಾಗಲಿ, ಹಾವು ಕಚ್ಚಿದವನಾಗಲಿ, ಕಾಡಿನ ಸುತ್ತುದಾರಿಯೇ ಗತಿ. ಬೇಸಿಗೆಯಲ್ಲಿ ನೀರು ತೀರ ಇಳಿದರೆ ವಾಹನಗಳನ್ನು ಹತ್ತಿಸುತ್ತಲೂ ಇರಲಿಲ್ಲ.

ಅಂಬಾರಗೋಡ್ಲು, ಕಳಸವಳ್ಳಿಗಳ ನಡುವೆ ಸೇತುವೆ ತೆರೆದುದು 2025ರ ಜುಲೈ 14ರಂದು. ಉದ್ದ 2.44 ಕಿ.ಮೀ.; ಅಟಲ್ ಸೇತುವಿನ ಒಂಬತ್ತರಲ್ಲಿ ಒಂದು ಪಾಲು. ಅಷ್ಟಕ್ಕೆ 61 ವರ್ಷ! ಅಷ್ಟು ಕಾಲ ಬಾಕಿ ನಿಂತ ಸಾಲಕ್ಕೆ ಬ್ಯಾಂಕಿನವರು ಹಾಕುವ ಬಡ್ಡಿ ಎಷ್ಟೆಂದು ನಾನು ಬಲ್ಲೆ. ತುಮರಿಯವರ ಲೆಕ್ಕಕ್ಕೆ ಆ ಬಡ್ಡಿಯನ್ನು ಜಮೆ ಮಾಡಿದವರು ಯಾರೂ ಇಲ್ಲ. ಆದರೂ ಇಂದು ಅಲ್ಲಿ ಸ್ಕೂಟರಿನವನೂ ದಾಟುತ್ತಾನೆ, ನಡುರಾತ್ರಿಯಲ್ಲೂ ದಾಟುತ್ತಾನೆ.

ರಜೆಯಲ್ಲಿ ಸಿಗಂದೂರಿಗೆ ಹೋಗುವವರು ನಮ್ಮಲ್ಲಿ ಅನೇಕರಿದ್ದೀರಿ. ಸೇತುವೆಯ ಚಿತ್ರ ತೆಗೆದುಕೊಂಡು ಹಾಗೆಯೇ ಹಿಂತಿರುಗಬೇಡಿ. ತುಮರಿಯ ಹಿರಿಯರೊಬ್ಬರನ್ನು ಕಂಡು ಲಾಂಚಿನ ದಿನಗಳನ್ನು ಕೇಳಿ, ಬರೆದುಕೊಂಡು ಬನ್ನಿ. ಮುಂದಿನ ವರ್ಷದ ಸಂಚಿಕೆಗೆ ಬೇಕಾಗಿದೆ.