ನಟನ ಆಯ್ಕೆ: ಒಂದು ಸಿದ್ಧತೆ



ಪಾತ್ರವನ್ನು ಬಯಸುವವನು ಮೊದಲು ಪರೀಕ್ಷಕರೆದುರು ನಿಲ್ಲಬೇಕೆಂಬುದು ಹೊಸ ಪದ್ಧತಿಯೇನಲ್ಲ. ಗುಬ್ಬಿ ಕಂಪನಿಯೇ ಮೊದಲಾದ ವೃತ್ತಿ ಮಂಡಲಿಗಳ ಕಾಲದಲ್ಲಿ ಕಂಠಕ್ಕೇ ಅಗ್ರಸ್ಥಾನವಿದ್ದಿತು. ಧ್ವನಿವರ್ಧಕವಿಲ್ಲದ ರಂಗದಲ್ಲಿ ಕಂದವೃತ್ತಗಳನ್ನು ಶ್ರುತಿಬದ್ಧವಾಗಿ ಹಾಡಿ, ಕೊನೆಯ ಸಾಲಿನವರಿಗೂ ಮುಟ್ಟಿಸಬಲ್ಲವನೇ ನಟನೆನಿಸುತ್ತಿದ್ದನು. ದೆಹಲಿಯಲ್ಲಿ 1959ರಲ್ಲಿ ರಾಷ್ಟ್ರೀಯ ನಾಟಕ ಶಾಲೆಯೂ, ಹೆಗ್ಗೋಡಿನಲ್ಲಿ 1980ರಲ್ಲಿ ನೀನಾಸಮ್ ರಂಗಶಿಕ್ಷಣ ಕೇಂದ್ರವೂ ಆರಂಭವಾದವು. ಇಂಥ ಕಡೆಗಳಲ್ಲಿ ಕಂಠವೊಂದೇ ಸಾಲದು. ದೇಹ, ಬುದ್ಧಿ, ಇತರರೊಡನೆ ಬೆರೆಯುವ ಗುಣ, ಇವೂ ಬೇಕು.

ಕೆಲವು ವರ್ಷಗಳ ಹಿಂದೆ ನಮ್ಮ ವಿದ್ಯಾರ್ಥಿಯೊಬ್ಬನು ಇಂಥದೊಂದು ಆಯ್ಕೆಗೆ ಹೊರಟನು. ಗಿರೀಶ ಕಾರ್ನಾಡರ 1964ರ ‘ತುಘಲಕ್’ ನಾಟಕದಿಂದ, ದೌಲತಾಬಾದಿನ ಕೋಟೆಯ ಮೇಲೆ ಇರುಳಿನಲ್ಲಿ ಸುಲ್ತಾನನು ಆಡುವ ಮಾತುಗಳನ್ನು ನಾವೇ ಆರಿಸಿಕೊಟ್ಟೆವು. ಹದಿನೈದು ದಿನ ಕಂಠಪಾಠ ಮಾಡಿಸಿದೆವು. ಹುಡುಗನು ಅಕ್ಷರ ತಪ್ಪದೆ, ಗೋಡೆಗಳು ಗುಡುಗುವಂತೆ ಒಪ್ಪಿಸಿದನಂತೆ. ಪರೀಕ್ಷಕರು ಕೇಳಿದ್ದು ಒಂದೇ ಪ್ರಶ್ನೆ: ಈ ಮಾತು ಯಾರೊಡನೆ? ಅವನಿಗೆ ಉತ್ತರ ತಿಳಿಯದು. ತಪ್ಪು ಅವನದಲ್ಲ, ನಮ್ಮದು. ಭಾಷಣದ ತುಂಡನ್ನು ಕೊಟ್ಟೆವೇ ಹೊರತು ನಾಟಕವನ್ನು ಓದಿಸಿರಲಿಲ್ಲ. ಅಲ್ಲಿ ಸುಲ್ತಾನನೆದುರು ನಿಂತಿರುವವನು ಎಳೆಯ ಪ್ರಾಯದ ಕಾವಲುಗಾರ. ನಿದ್ರೆ ಬಾರದ ದೊರೆಯು ಆ ಎಳೆಯನನ್ನು ಕಂಡು ತನ್ನ ಯೌವನದ ಕನಸನ್ನು ನೆನೆಯುತ್ತಾನೆ. ಇದನ್ನರಿತವನು ಕೂಗಲಾರನು.

ಆದುದರಿಂದ ಉಮೇದುವಾರನು ಮೊದಲು ಮಾಡತಕ್ಕದ್ದು ನಾಟಕವನ್ನು ಆದ್ಯಂತವಾಗಿ ಓದುವುದು. ಯಾರು, ಯಾರಿಗೆ, ಏನನ್ನು ಬಯಸಿ ಮಾತನಾಡುತ್ತಾರೆಂಬುದನ್ನು ಬರೆದಿಟ್ಟುಕೊಳ್ಳಲಿ. ತನ್ನ ವಯಸ್ಸಿಗೂ ಧ್ವನಿಗೂ ಒಗ್ಗುವ ಎರಡು ಭಾಗಗಳನ್ನು, ಒಂದು ಗಂಭೀರ, ಒಂದು ಹಾಸ್ಯ, ಸಿದ್ಧಪಡಿಸಲಿ. ಒಂದೊಂದೂ ಎರಡು ನಿಮಿಷಕ್ಕೆ ಮೀರದಿರಲಿ. ಬಲ್ಲ ಹಾಡೊಂದು ಜೊತೆಗಿರಲಿ. ನೆಲದ ಮೇಲೆ ಕುಳಿತೇಳಲು ಅಡ್ಡಿಯಾಗದ ಉಡುಪು ಸಾಕು. ಪರೀಕ್ಷಕರ ಕಣ್ಣನ್ನೇ ದಿಟ್ಟಿಸಿ ನುಡಿಯದೆ, ಕೇಳುವ ಪಾತ್ರವನ್ನು ಅವರ ಪಕ್ಕದಲ್ಲೆಲ್ಲೋ ಕಲ್ಪಿಸಿಕೊಳ್ಳುವುದು ಲೇಸು. ‘ಇದನ್ನೇ ಪಿಸುಮಾತಿನಲ್ಲಿ ಹೇಳಿ’ ಎಂದು ಅವರೆಂದರೆ ಅದು ಆಕ್ಷೇಪಣೆಯಲ್ಲ. ಕಲಿಸಿದರೆ ಕಲಿಯುವವನೇ ಎಂಬ ಪರೀಕ್ಷೆ. ಒಂದೇ ರಾಗಕ್ಕೆ ಕಟ್ಟುಬಿದ್ದ ಕಂಠಪಾಠವು ಅಲ್ಲಿ ಮುರಿದುಬೀಳುವುದು.

ಆ ವರ್ಷ ನಮ್ಮ ಹುಡುಗನಿಗೆ ಸ್ಥಳ ದೊರೆಯಲಿಲ್ಲ. ಅವನ ತಂದೆಯವರಿಗೆ ನಾವು ಮುಖ ತೋರಿಸಲು ಸಂಕೋಚಪಟ್ಟೆವು. ತಿಂಗಳ ಬಳಿಕ ಅವನು ನಮ್ಮ ಮನೆಗೆ ತಮ್ಮನೊಡನೆ ಬಂದನು. ತಮ್ಮನನ್ನು ಜಗಲಿಯ ಮೇಲೆ ಎದುರಿಗೆ ಕೂರಿಸಿ ಅದೇ ಮಾತುಗಳನ್ನು ಮೆಲ್ಲನೆ ಆಡಿದನು. ತಮ್ಮನು ಎವೆಯಿಕ್ಕದೆ ಕೇಳಿದನು. ಇಷ್ಟು ಕಾಲ ಆ ನಾಟಕವನ್ನು ಪಾಠ ಹೇಳಿದ ನಾವೂ ಅಂದೇ ಮೊದಲು ಕೇಳಿದೆವು.

ಆಯ್ಕೆಯಾಗುವುದು ನಟನ ಕೈಯಲ್ಲಿಲ್ಲ. ಎದುರಿಗಿರುವವನೊಡನೆ ಮಾತನಾಡುವುದು ಮಾತ್ರ ಅವನ ಕೈಯಲ್ಲಿದೆ.